ದಿಗಿಣಕ್ಕೆ ಎಷ್ಟು ಫ್ರೇಮ್ ಬೇಕು?

ಬಂಟ್ವಾಳದ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಹರಕೆ ಆಟ ಇತ್ತು, ಇಡೀ ರಾತ್ರಿಯದ್ದು. ಅಕ್ಕನ ಮಗಳು ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಹೆಜ್ಜೆ ಕಲಿಯುತ್ತಿದ್ದಾಳೆ. ಅಭಿಮನ್ಯುವಿನ ವೇಷದವರು ದಿಗಿಣ, ಅಂದರೆ ನೆಲಬಿಟ್ಟು ಹಾರಿ ಸುತ್ತುವ ಕುಣಿತ, ತೆಗೆಯುವಾಗ ಕಾಲು ಯಾವಾಗ ಏಳುತ್ತದೆ, ಯಾವಾಗ ಊರುತ್ತದೆ, ಅದು ಸರಿಯಾಗಿ ಕಾಣುವ ಹಾಗೆ ವಿಡಿಯೋ ಮಾಡಿ ಕೊಡಿ ಮಾವ ಅಂತ ಮೊದಲೇ ಹೇಳಿದ್ದಳು. ಅಣ್ಣ ಅಮೆರಿಕದಿಂದ ಬಂದಿದ್ದ, ಅಲ್ಲಿ ಕೊಂಡ ಒಳ್ಳೆಯ ಕ್ಯಾಮೆರಾವೂ ಜೊತೆಗಿತ್ತು.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಚ್ಚುವಾಗಲೇ ಸುಮ್ನೆ ಒಂದು ತುಣುಕು ತೆಗೆದು ನೋಡಿದೆವು. ಪರದೆಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಮೆನು ತೆರೆದರೆ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ), 60 ಫ್ರೇಮ್ ಅಂದರೆ ಸೆಕೆಂಡಿಗೆ 60 ಚಿತ್ರ, ಶಟರ್ 1/60 ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವುದು ಸೆಕೆಂಡಿನ 60ರಲ್ಲಿ ಒಂದು ಭಾಗದಷ್ಟು ಹೊತ್ತು.

"ಅಣ್ಣ, ಮೊದಲು ಇದನ್ನು ನಮ್ಮ ಕಡೆಯ ಟಿವಿ ಪದ್ಧತಿ ಪಾಲ್‌ಗೆ ಹಾಕುವ" ಅಂದೆ.

"60 ಇದ್ದದ್ದು 50 ಆಗ್ತದಲ್ಲ ಮಾರಾಯ, ಜಾಸ್ತಿ ಇದ್ದರೆ ಒಳ್ಳೆಯದಲ್ವಾ?"

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ, ಕೇಳಬೇಕಾದದ್ದೇ. ಅಮೆರಿಕದ ಕರೆಂಟು 60 ಹರ್ಟ್ಜ್, ನಮ್ಮದು 50. ಹಳೆಯ ಟಿವಿ ಲೆಕ್ಕವೂ ಅದಕ್ಕೇ ಹೊಂದಿಕೊಂಡು ಬಂದದ್ದು, ಅಲ್ಲಿ 30 ಮತ್ತು 60, ಇಲ್ಲಿ 25 ಮತ್ತು 50. ನಮ್ಮ ಕರೆಂಟಿನಲ್ಲಿ ಉರಿಯುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ 1/50 ಇದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು, 1/100 ಇದ್ದರೆ ಒಂದು. 1/60ರಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಸಿಗುವ ಬೆಳಕು ಹೆಚ್ಚುಕಮ್ಮಿ ಆಗುತ್ತಾ ಹೋಗುವುದರಿಂದಲೇ ಪಟ್ಟಿ ಓಡುವುದು. 60 ಫ್ರೇಮಿನಲ್ಲೇ ಶಟರ್ 1/100 ಇಟ್ಟರೂ ಪಟ್ಟಿ ಹೋಗುತ್ತದೆ, ಆದರೆ ಒಂದು ಫ್ರೇಮಿಗೆ ಇರುವುದೇ 1/60 ಸೆಕೆಂಡ್, ಹಾಗಾಗಿ 1/50ಕ್ಕೆ ಇಳಿಸಲು ಆಗುವುದಿಲ್ಲ, ಕತ್ತಲೆ ಜಾಸ್ತಿಯಾದಾಗ ಬೇಕಾಗುವುದು ಅದೇ.

ಪಾಲ್‌ಗೆ ಬದಲಿಸುವಾಗ ಕಾರ್ಡ್ ಫಾರ್ಮ್ಯಾಟ್ ಮಾಡು ಅಂತ ಕೇಳಿತು. ಅಣ್ಣನ ಹಳೆಯ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಮಾಡಿದೆವು. ಇಂಥದ್ದನ್ನೆಲ್ಲ ಆಟ ಶುರುವಾಗುವ ಮೊದಲೇ ಮುಗಿಸಿಕೊಳ್ಳಬೇಕು.

ಇನ್ನು 25ಓ 50ಓ? ಇಡೀ ಪ್ರಸಂಗ ನೋಡುವವರಿಗೆ 25 ಫ್ರೇಮ್, 1/50 ಶಟರ್ ಚೆಂದ. ಕೈ ಬೀಸಿದಾಗ ಸ್ವಲ್ಪ ಮಸುಕಾಗುತ್ತದೆ, ಆ ಮಸುಕಿನಿಂದಲೇ ಚಲನೆ ಸಹಜ ಅನಿಸುತ್ತದೆ. ಆದರೆ ದಿಗಿಣ? ಪುಂಡುವೇಷದವರು, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರದವರು, ನೆಲಬಿಟ್ಟು ಗಿರಗಿರನೆ ಸುತ್ತುವಾಗ 25ರಲ್ಲಿ ಕಾಲು ಬರೀ ಒಂದು ಗೆರೆ. ಹಾಗಾಗಿ ಅಭಿಮನ್ಯುವಿನ ಪ್ರವೇಶಕ್ಕೆ 50 ಫ್ರೇಮ್, 1/100 ಇಟ್ಟೆ. ಬೆಳಕು ಅರ್ಧಕ್ಕೆ ಇಳಿಯಿತು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದೆ, ಕರಿಯ ಜಾಗದಲ್ಲಿ ಸ್ವಲ್ಪ ಕಾಳುಕಾಳು ಬಂತು. ಬರಲಿ, ಪಾದದ ಅಂಚು ಸ್ಪಷ್ಟವಾಗಿ ಸಿಕ್ಕಿತಲ್ಲ, ಗೆಜ್ಜೆಯ ಒಂದೊಂದು ಕಾಳು ಎಣಿಸಬಹುದಿತ್ತು.

ಬೆಳಗಿನ ಜಾವ ಅಣ್ಣನಿಗೆ 100 ಫ್ರೇಮಿನ ಸ್ಲೋ ಮೋಷನ್ ನೋಡುವ ಆಸೆ. ಅಷ್ಟರಲ್ಲಿ ಆಕಾಶ ಬೆಳಗಾಗಿತ್ತು, ಬೆಳಕಿನ ಚಿಂತೆ ಇರಲಿಲ್ಲ. ಕೊನೆಗೆ ಕುಣಿದ ಒಂದು ವೇಷದ್ದು ತೆಗೆದ. 25ರಲ್ಲಿ ಓಡಿಸಿದರೆ 10 ಸೆಕೆಂಡಿನ ಕುಣಿತ 40 ಸೆಕೆಂಡ್ ಆಗುತ್ತದೆ, ನೋಡಲು ಅದ್ಭುತ. ಆದರೆ ಆ ಕ್ಯಾಮೆರಾದಲ್ಲಿ ಸ್ಲೋ ಮೋಷನ್‌ಗೆ ಧ್ವನಿ ದಾಖಲಾಗುವುದಿಲ್ಲ.

ಮನೆಗೆ ಬಂದು ಎರಡನ್ನೂ ಹುಡುಗಿಗೆ ತೋರಿಸಿದೆವು. 100ರದ್ದನ್ನು ಒಮ್ಮೆ ಖುಷಿಯಿಂದ ನೋಡಿದಳು. ಆಮೇಲೆ 50ರದ್ದನ್ನೇ ಅರ್ಧ ವೇಗಕ್ಕೆ ಇಳಿಸಿಕೊಂಡು ಮತ್ತೆ ಮತ್ತೆ ಹಿಂದೆ ಎಳೆದು ನೋಡುತ್ತಾ ಕೂತಳು. ಅದರಲ್ಲಿ ಚೆಂಡೆಯೂ ಕಾಲಿನ ಜೊತೆಗೇ ನಿಧಾನವಾಗುತ್ತದೆ. "ಮಾವ, ಪೆಟ್ಟು ಬೀಳುವಾಗ ಕಾಲು ಎಲ್ಲಿದೆ ಅಂತ ಇದರಲ್ಲೇ ಗೊತ್ತಾಗುವುದು" ಅಂದಳು. ಮುಂದಿನ ಆಟಕ್ಕೆ ಕ್ಯಾಮೆರಾ ಇನ್ನೂ ಸ್ವಲ್ಪ ಕೆಳಗೆ ಇಡಬೇಕಂತೆ, ಮದ್ದಳೆಯವರ ಕೈಯೂ ಫ್ರೇಮಿನಲ್ಲಿ ಬರಬೇಕಂತೆ.