ಆಗದ ಕೆಲಸವನ್ನೂ ಯಾಕೆ ಓದಿ ಹೇಳುತ್ತೀರಿ?

ನಾನು ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ಹೊಳೆ ದಂಡೆಯ ಒಂದು ಊರಿನ ಗ್ರಾಮ ಪಂಚಾಯತಿ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವಳು. ಪ್ರತಿ ಅಮಾವಾಸ್ಯೆ ಸಂಜೆ ಹನುಮಂದೇವರ ಗುಡಿ ಕಟ್ಟೆ ಮೇಲೆ ನಮ್ಮ ವಾರ್ಡಿನ ಲೆಕ್ಕ ಓದುತ್ತೇನೆ. ಅಮಾವಾಸ್ಯೆ ಯಾಕೆ ಅಂದರೆ, ಅವತ್ತು ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡೋದಿಲ್ಲ, ಜನ ಊರಲ್ಲೇ ಇರುತ್ತಾರೆ. ಎಷ್ಟು ರೊಕ್ಕ ಬಂತು, ಏನು ಆಯಿತು, ಏನು ಆಗಲಿಲ್ಲ, ಯಾಕೆ ಆಗಲಿಲ್ಲ. ಇಪ್ಪತ್ತು ನಿಮಿಷ ಸಾಕು. ಜಗಳ ಎದ್ದರೆ ಒಂದು ತಾಸು.

ಇದನ್ನು ಕೇಳಿದವರೆಲ್ಲ, ಪಕ್ಕದ ಪಂಚಾಯತಿಯ ಸದಸ್ಯರು, ನನ್ನ ತವರಿನವರು, ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಪರಿಚಯದವರು, ಕೇಳೋದು ಒಂದೇ ಮಾತು. "ಆಗಿದ್ದಷ್ಟೇ ಹೇಳಿದ್ರ ಸಾಕಲ್ರೀ ಅಕ್ಕಾ. ಆಗಲಾರದ್ದೂ ಓದಿ ಯಾಕ ಬೈಸ್ಕೋತೀರಿ?"

ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತೇನೆ.

ಮೊದಲನೇ ವರ್ಷ ನಾನು ಹೀಗಿರಲಿಲ್ಲ. ನಮ್ಮ ಓಣಿಯ ಒಬ್ಬ ಆಯಿ ಮನೆ ಮುಂದೆ ಬಚ್ಚಲ ನೀರು ನಿಲ್ಲುತ್ತಿತ್ತು. ಗಟಾರ ಬೇಕು ಅಂತ ಕೇಳಿದರು. "ಮಾಡೋಣ ಆಯಿ" ಅಂದೆ. ಮುಂದಿನ ತಿಂಗಳೂ ಅದೇ ಅಂದೆ. ಎಂಟು ತಿಂಗಳು ಹಾಗೇ ನಡೆಯಿತು. ಇಲ್ಲ ಅಂದರೆ ನೊಂದುಕೊಳ್ಳುತ್ತಾರೆ ಅಂತ ನನ್ನ ಲೆಕ್ಕ. ಆದರೆ ನನ್ನ ಮಾತು ನಂಬಿ ಆಯಿ ಏಳು ಸಲ ಪಂಚಾಯತಿ ಆಫೀಸಿಗೆ ಹೋಗಿ ಬಂದಿದ್ದರಂತೆ. ಏಳು ದಿನದ ಕೂಲಿ ಹೋಗಿತ್ತು. ಇದನ್ನು ಅವರು ಬೈದು ಹೇಳಲಿಲ್ಲ, ಅವರ ಸೊಸೆ ಮಾತಿನ ನಡುವೆ ಹೇಳಿದಳು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೂತು, ಈ ಗಟಾರ ಯಾಕೆ ಆಗುತ್ತಿಲ್ಲ ಅಂತ ಬಿಡಿಸಿ ಕೇಳಿದೆ. ಆಗ ಗೊತ್ತಾಗಿದ್ದು ನೋಡಿ. ರೊಕ್ಕ ಇಲ್ಲದ್ದಕ್ಕೆ ನಿಂತಿರಲಿಲ್ಲ. ಆ ಗಟಾರ ಕ್ರಿಯಾ ಯೋಜನೆಯಲ್ಲೇ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲೇ, ಇರಲಿಲ್ಲ. ವಾರ್ಡ್ ಸಭೆಯಲ್ಲಿ ಯಾರೂ ಅದರ ಹೆಸರು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವೋದು ಇಲ್ಲೇ. 15ನೇ ಹಣಕಾಸು ಆಯೋಗದಿಂದ ನಮ್ಮಂಥ ಪಂಚಾಯತಿಗಳಿಗೆ ಬಂದ ಅನುದಾನದಲ್ಲಿ, 2021ರಿಂದ 2026ರ ಮಾರ್ಚ್‌ವರೆಗೆ, ನೂರಕ್ಕೆ 60 ರೂಪಾಯಿ ಕಟ್ಟಿಟ್ಟ ಹಣ. ಅರ್ಧ ಕುಡಿಯುವ ನೀರಿಗೆ, ಅರ್ಧ ಸ್ವಚ್ಛತೆಗೆ. ಬೇರೆ ಯಾವುದಕ್ಕೂ ಮುಟ್ಟುವ ಹಾಗಿಲ್ಲ. ಉಳಿದ 40ರಲ್ಲಿ ಊರಿಗೆ ಬೇಕಾದ ಬೇರೆ ಕೆಲಸ ಮಾಡಬಹುದು, ಆದರೆ ಸಂಬಳಕ್ಕೆ ಬಳಸುವ ಹಾಗಿಲ್ಲ. ಹಾಗಾಗಿ "ಖಾತೆಯಲ್ಲಿ ರೊಕ್ಕ ಐತಿ, ನಮ್ಮ ಓಣಿಗೆ ಸಿಸಿ ರಸ್ತೆ ಯಾಕಿಲ್ಲ" ಅಂತ ಕೇಳಿದರೆ, ರೊಕ್ಕ ಇರೋದೂ ನಿಜ, ಅದರಲ್ಲಿನ ಕಟ್ಟಿಟ್ಟ ಹಣದಿಂದ ರಸ್ತೆ ಮಾಡಲು ಬರದೇ ಇರೋದೂ ನಿಜ. ಬಚ್ಚಲ ನೀರು ಸಾಗಿಸುವ ಗಟಾರ ಮಾತ್ರ ಸ್ವಚ್ಛತೆಯ ಹಣದಲ್ಲೇ ಆಗುತ್ತದೆ. ಆದರೆ ವಾರ್ಡ್ ಸಭೆಯಲ್ಲಿ ಮಾತು ಬಂದು, ಗ್ರಾಮ ಸಭೆ ಒಪ್ಪಿ, ಕ್ರಿಯಾ ಯೋಜನೆಯಲ್ಲಿ ಕೂತಿರಬೇಕು. ಅಂದರೆ, ಮೊದಲ ತಿಂಗಳೇ ನಾನು "ಆಯಿ, ಇದು ಈ ವರ್ಷದ ಪಟ್ಟಿಯಲ್ಲಿ ಇಲ್ಲ, ವಾರ್ಡ್ ಸಭೆಗೆ ಬಂದು ನೀವೇ ಹೇಳಿ" ಅಂದಿದ್ದರೆ, ಒಂದು ಮಳೆಗಾಲ ಮೊದಲೇ ಆ ನೀರು ಹೋಗಿರುತ್ತಿತ್ತು. ನನ್ನ ಒಳ್ಳೆಯ ಮಾತಿನಿಂದ ಒಂದು ಮಳೆಗಾಲ ಹಾಳಾಯಿತು.

ಗಟಾರ ಮುಂದಿನ ವರ್ಷ ಆಯಿತು. ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿದ್ದು ಆಯಿನೇ. ಅಮಾವಾಸ್ಯೆ ಓದು ಶುರುವಾದದ್ದು ಆಮೇಲೆ.

"ಇಲ್ಲ" ಅನ್ನೋದರಲ್ಲೂ ಬೇರೆ ಬೇರೆ ಥರ ಇದೆ. ಈ ವರ್ಷದ ಪಟ್ಟಿಯಲ್ಲಿ ಇಲ್ಲ ಅನ್ನೋದು ಒಂದು. ಪಂಚಾಯತಿಯ ಕೈಯಲ್ಲೇ ಇಲ್ಲ ಅನ್ನೋದು ಇನ್ನೊಂದು. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ 5,000 ಕೋಟಿ ಅಂತ ಪೇಪರಿನಲ್ಲಿ ಬಂದ ದಿನ ನಮ್ಮ ಮನೆ ಮುಂದೆ ಜನ ನಿಂತಿದ್ದರು, ನಮ್ಮೂರಿಗೆ ಎಷ್ಟು ಬಂತು ಅಂತ. ಆ ಹಣ ಏಳು ಜಿಲ್ಲೆಗೆ, 41 ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಸಮ ಪಾಲು ಅಲ್ಲ, ಹಿಂದುಳಿದ ತಾಲ್ಲೂಕಿಗೆ ಜಾಸ್ತಿ. ನಮ್ಮ ಪಂಚಾಯತಿ ಖಾತೆಗೆ ಅದು ಬರೋದಿಲ್ಲ. ಸಾಲಿಗೆ (ಶಾಲೆಗೆ) ಕೋಣೆ ಬೇಕು ಅಂದರೆ ಶಾಸಕರ ಹತ್ತಿರ, ಮಂಡಳಿಯ ಹತ್ತಿರ ಅರ್ಜಿ ಹಿಡಿದು ಹೋಗಬೇಕು. ಇದು ಗೊತ್ತಾದ ಮೇಲೆ ಸಾಲಿಯ ಎಸ್‌ಡಿಎಂಸಿಯವರು (ಶಾಲಾ ಸಮಿತಿಯವರು) ನನ್ನನ್ನು ಕೇಳೋದು ಬಿಟ್ಟು, ನನ್ನನ್ನೂ ಕರೆದುಕೊಂಡು ಅಲ್ಲಿಗೇ ಹೋದರು. ಎಷ್ಟು ಒಳ್ಳೆಯದಾಯಿತು, ಅಲ್ವಾ?

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಪ್ರಮಾಣಪತ್ರದ್ದೂ ಹೀಗೇ. ಅದನ್ನು ಕೊಡೋದು ಸಹಾಯಕ ಆಯುಕ್ತರ ಕಚೇರಿ, ನಾವಲ್ಲ. ಆದರೆ ಪ್ರತಿ ವರ್ಷ ಮಾರ್ಚ್ ಬಂತು ಅಂದರೆ ನಾನು ಕಟ್ಟೆ ಮೇಲೆ ಇದನ್ನು ಓದೇ ಓದುತ್ತೇನೆ: ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೆ. ಸರ್ಕಾರಿ ಕೆಲಸದಲ್ಲಿ ಡಿ ಗುಂಪಿಗೆ 85, ಸಿ ಗುಂಪಿಗೆ 80, ಎ ಮತ್ತು ಬಿ ಗುಂಪಿಗೆ 75. ಸಿಇಟಿ ಹತ್ತಿರ ಬಂದಾಗ ಓಡಾಡಬೇಡಿ, ಈಗಲೇ ಅರ್ಜಿ ಹಾಕಿ.

ಎಲ್ಲಕ್ಕಿಂತ ಕಷ್ಟದ ಓದು 2025ರ ಮಳೆ ಆದ ಮೇಲೆ ಬಂತು. ಸೆಪ್ಟೆಂಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ತುಂಬಿ ಬಂದವು. ತೊಗರಿ ಹೊಲದಲ್ಲಿ ನೀರು ನಿಂತಿತು. ನಿಂತ ನೀರಲ್ಲಿ ತೊಗರಿ ಬೇರು ಬದುಕೋದಿಲ್ಲ, ಗಿಡ ಒಣಗಿ ನಿಂತವು. ಪರಿಹಾರ ಎಷ್ಟು ಅಂತ ದಿನಾ ಒಂದು ಸುದ್ದಿ ಹಬ್ಬುತ್ತಿತ್ತು. ಒಬ್ಬರು ಎಕರೆಗೆ ಇಪ್ಪತ್ತು ಸಾವಿರ ಅನ್ನೋರು, ಇನ್ನೊಬ್ಬರು ಐವತ್ತು ಅನ್ನೋರು. ನಾನು ಓದಿದ್ದು ಹೀಗೆ: ಮಳೆ ಆಶ್ರಿತ ಬೆಳೆಗೆ ನಿಯಮದ ಪ್ರಕಾರ ಹೆಕ್ಟೇರ್‌ಗೆ 8,500. ರಾಜ್ಯ ಸರ್ಕಾರ ಅಷ್ಟೇ ಸೇರಿಸಿ 17,000 ಅಂದಿದೆ. ನಮ್ಮ ಎಕರೆ ಲೆಕ್ಕದಲ್ಲಿ ಏಳು ಸಾವಿರಕ್ಕೆ ಸ್ವಲ್ಪ ಕಡಿಮೆ. ಎರಡು ಹೆಕ್ಟೇರ್‌ಗೆ ಮಿತಿ, ಅಂದರೆ ಹತ್ತಿರ ಹತ್ತಿರ ಐದು ಎಕರೆ. ಮೂರರಲ್ಲಿ ಒಂದು ಪಾಲು ಬೆಳೆಯಾದರೂ ಹೋಗಿರಬೇಕು.

ಕಟ್ಟೆ ಮೇಲೆ ಯಾರೂ ಮಾತಾಡಲಿಲ್ಲ. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ ಎಲ್ಲ ಅವರ ಮನಸ್ಸಿನಲ್ಲಿ ಓಡುತ್ತಿತ್ತು, ನಮ್ಮ ಹೊಲವೂ ಹೋಗಿತ್ತು, ನನಗೆ ಗೊತ್ತು. ಆಮೇಲಿನ ಸಾಲು ಓದೋಕೆ ನನಗೆ ಗಂಟಲು ಕಟ್ಟಿತು: ಹೊಲ ಪಾಲಿಗೆ ಮಾಡಿದವರಿಗೆ ಈ ರೊಕ್ಕ ಬರೋದಿಲ್ಲ, ಪಹಣಿ ಯಾರ ಹೆಸರಲ್ಲಿ ಇದೆಯೋ ಅವರ ಖಾತೆಗೇ ಹೋಗುತ್ತದೆ. ಒಬ್ಬ ಹುಡುಗ, ಮೂರು ವರ್ಷದಿಂದ ಬೇರೆಯವರ ಹೊಲ ಪಾಲಿಗೆ ಮಾಡುತ್ತಿದ್ದವನು, ಎದ್ದು ಹೋದ. ಸುಮ್ನೆ ಇದ್ದಿದ್ದರೆ ಅವನು ಅವತ್ತು ಎದ್ದು ಹೋಗುತ್ತಿರಲಿಲ್ಲ, ನಿಜ. ಆದರೆ ಬ್ಯಾಂಕಿನ ಮುಂದೆ ದಿನಗಟ್ಟಲೆ ಕಾಯುತ್ತಿದ್ದ. ಆ ಸಾಲನ್ನು ಹೊಲದ ಮಾಲೀಕರೂ ಕೇಳಿಸಿಕೊಂಡಿದ್ದರು. ಇಬ್ಬರು ತಮಗೆ ಬಂದದ್ದರಲ್ಲಿ ಅರ್ಧ ಪಾಲುದಾರರಿಗೆ ಕೊಟ್ಟರು. ಉಳಿದವರು ಕೊಡಲಿಲ್ಲ. ಆ ಹುಡುಗನ ಮಾಲೀಕರೂ ಕೊಡಲಿಲ್ಲ. ಈ ನಿಯಮ ಬದಲಾಗಬೇಕು ಅಂತ ನಾನು ಹೋದ ಕಡೆಯೆಲ್ಲ ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ.

ಹಾನಿಯ ಪಟ್ಟಿ ಬಂದಾಗ ಎಲ್ಲ ಹೆಸರನ್ನೂ ಗಟ್ಟಿಯಾಗಿ ಓದಿದೆ. ಬಿಟ್ಟು ಹೋದ ಐದು ಹೆಸರು ಅಲ್ಲೇ ಸಿಕ್ಕವು. ಒಬ್ಬರದು ಫ್ರೂಟ್ಸ್ ನಂಬರ್ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರಲಿಲ್ಲ, ಇನ್ನೊಬ್ಬರ ಆಧಾರ್ ಬ್ಯಾಂಕಿಗೆ ಜೋಡಣೆ ಆಗಿರಲಿಲ್ಲ. ಮರುದಿನ ಐವರೂ ಸೇರಿ ತಲಾಠಿಯವರ ಹತ್ತಿರ ಹೋದರು. ಇಬ್ಬರಿಗೆ ರೊಕ್ಕ ಬಂತು.

ಬೈಗುಳದ ಮಾತಿಗೆ ಬಂದರೆ, ಹೌದು, ಬೈಯುತ್ತಾರೆ. ಮೊದಲು ಬೆನ್ನ ಹಿಂದೆ ಬೈಯುತ್ತಿದ್ದರು, ಈಗ ಎದುರಿಗೆ ಬೈಯುತ್ತಾರೆ. ಎದುರಿಗೆ ಬೈದವರಿಗೆ ಉತ್ತರ ಕೊಡಬಹುದು, ಅಥವಾ ಅವರು ಹೇಳಿದ್ದು ಸರಿ ಇದ್ದರೆ ತಿದ್ದಿಕೊಳ್ಳಬಹುದು.

2025ರ ಡಿಸೆಂಬರ್‌ನ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಕತ್ತಲಾಗುವ ಹೊತ್ತಿಗೆ ಊರಿಗೆ ಬಂದರು. ನಮ್ಮ ಐದು ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು, ಅದಕ್ಕೇ ಅವತ್ತು ಆಗದ ಕೆಲಸಗಳ ಪಟ್ಟಿಯನ್ನಷ್ಟೇ ಓದಿದೆ. ಕೊನೆ ಓಣಿಗೆ ಜಲಜೀವನದ ನಳ ಬಂದಿದೆ, ತಲೆಗೆ ದಿನಕ್ಕೆ 55 ಲೀಟರ್ ಅನ್ನೋದು ಲೆಕ್ಕ, ಆದರೆ ಅಲ್ಲಿನ ಎತ್ತರಕ್ಕೆ ನೀರು ಏರೋದಿಲ್ಲ. ಸ್ಮಶಾನದ ದಾರಿ ಆಗಿಲ್ಲ. ಮೂವರ ಬೆಳೆ ಪರಿಹಾರ ಇನ್ನೂ ಬಂದಿಲ್ಲ. ಸಾಲಿಯ ಕೋಣೆ ಅರ್ಜಿ ಎಲ್ಲಿದೆ ಅನ್ನೋದನ್ನು ದಿನಾಂಕದ ಸಮೇತ ಬರೆದಿದ್ದೇನೆ. ಆ ಪಟ್ಟಿಯ ಮೂರು ಝೆರಾಕ್ಸ್ ಮಾಡಿಸಿದೆ. ಒಂದನ್ನು ಪಂಚಾಯತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ, ಒಂದನ್ನು ಗುಡಿ ಗೋಡೆಗೆ ಅಂಟಿಸಿದೆ. ಮೂರನೆಯದು ನನ್ನ ಹತ್ತಿರ ಇದೆ, ನಮ್ಮ ವಾರ್ಡಿನಿಂದ ಮುಂದೆ ಯಾರು ಗೆದ್ದರೂ ಅವರಿಗೆ ಕೊಡೋಕೆ.