ಡರ್ಹಮ್ ಕಲ್ಲಿದ್ದಲು ಸೀಮೆಯಲ್ಲಿ ಗಾರ್ಡ್ ಡಬ್ಬಿಗಳ ಬೆನ್ನುಹತ್ತಿ

ಅಪ್ಪ ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವರು. ಕ್ಯಾಸಲ್‌ರಾಕ್‌ನಿಂದ ಕುಳೆಂ ಕಡೆಗೆ 37 ಅಡಿಗೆ ಒಂದು ಅಡಿ ಇಳಿಯುವ ಘಾಟಿಯಲ್ಲಿ ಅದಿರಿನ ಗಾಡಿಗಳ ಕೊನೆಯಲ್ಲಿ ಕೂತು ಬಂದವರು. ನಮ್ಮ ಮನೆಯಲ್ಲಿ ರೈಲು ಅಂದರೆ ಎಂಜಿನ್ ಅಲ್ಲ, ಕಡೇ ಡಬ್ಬಿ. ಮಾದರಿ ರೈಲು ಕಟ್ಟುವ ಹವ್ಯಾಸ ಹತ್ತಿದಾಗ ನಾನು ಮೊದಲು ಕೈಹಾಕಿದ್ದೂ ಬ್ರೇಕ್ ವ್ಯಾನಿಗೇ, ಅಂದರೆ ಗಾರ್ಡ್ ಕೂರುವ ಆ ಕಡೇ ಡಬ್ಬಿಗೇ. ಕಳೆದ ಜೂನ್‌ನಲ್ಲಿ ಗೇಟ್ಸ್‌ಹೆಡ್‌ನ ತಂಗಿ ಮನೆಗೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಐದು ದಿನ ಈಶಾನ್ಯ ಇಂಗ್ಲೆಂಡಿನ ಡರ್ಹಮ್ ಕಲ್ಲಿದ್ದಲು ಸೀಮೆಯ ಗಣಿ ರೈಲುಗಳ ಜಾಗಗಳನ್ನು ಸುತ್ತಿದೆ. ಇದೇ ಆಸೆ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಒಂದು ವಿಷಯ ತಿಳಿದಿದ್ದರೆ ಅರ್ಧ ನಿರಾಶೆ ತಪ್ಪುತ್ತದೆ. ಎಲ್ಲ ಗಣಿ ರೈಲುಗಳಲ್ಲೂ ಬ್ರೇಕ್ ವ್ಯಾನ್ ಇರುತ್ತಿರಲಿಲ್ಲ. ಆ ಕಾಲದ ಕಲ್ಲಿದ್ದಲು ವ್ಯಾಗನ್‌ಗಳಿಗೆ ಎಂಜಿನ್ನಿನಿಂದ ಹಾಕುವ ಬ್ರೇಕ್ ಇರಲಿಲ್ಲ, ಒಂದಕ್ಕೊಂದು ಮೂರು ಕೊಂಡಿಯ ಸರಪಳಿ ಅಷ್ಟೇ. ಮುಖ್ಯ ಮಾರ್ಗದಲ್ಲಿ ಅಂಥ ಗಾಡಿ ಓಡಬೇಕಾದರೆ ಹಿಂದೆ ಭಾರದ ವ್ಯಾನ್, ಅದರಲ್ಲಿ ಕೈಬ್ರೇಕಿನ ಚಕ್ರ ತಿರುಗಿಸುವ ಗಾರ್ಡ್ ಇರಲೇಬೇಕಿತ್ತು. ಇಳಿಜಾರಿನಲ್ಲಿ ಸರಪಳಿ ಸಡಿಲಾಗಿ ಡಬ್ಬಿಗಳು ಮುಂದಕ್ಕೆ ನುಗ್ಗದಂತೆ, ಏರು ಬಂದಾಗ ಜಗ್ಗಿ ಹರಿಯದಂತೆ ನೋಡಿಕೊಳ್ಳುವವನು ಅವನೇ. ಗಣಿಯ ಸ್ವಂತ ಹಳಿಯಲ್ಲಿ ಮಾತ್ರ ಗಾಡಿ ಚಿಕ್ಕದು, ವೇಗ ಕಡಿಮೆ. ವ್ಯಾಗನ್‌ಗಳ ಪಕ್ಕದ ಬ್ರೇಕ್ ಲಿವರ್ ಒತ್ತಿ ಪಿನ್ ಸಿಕ್ಕಿಸಿದರೆ ಎಷ್ಟೋ ಕಡೆ ಕೆಲಸ ಮುಗಿಯುತ್ತಿತ್ತು. ಇಲ್ಲಿನ ಒಂದು ಗಣಿ ಕಂಪನಿಯದೇ ಆದ ಲ್ಯಾಂಬ್ಟನ್ ರೈಲ್ವೆಯ ಗಾಡಿಗಳ ಮಾತು ಬೇರೆ. ಅವು ಸಂಡರ್‌ಲ್ಯಾಂಡ್‌ನಲ್ಲಿ ಹಡಗಿಗೆ ಕಲ್ಲಿದ್ದಲು ಸುರಿಯುವ ಕಟ್ಟೆಗೆ ಹೋಗಲು ಪೆನ್‌ಷಾದಿಂದ ಮುಂದೆ ಮುಖ್ಯ ಮಾರ್ಗದ ಹಳಿಯ ಮೇಲೇ ಓಡುತ್ತಿದ್ದವು. ಹೀಗಾಗಿ ನೀವು ಕಟ್ಟಬೇಕೆಂದಿರುವ ಗಣಿಯ ಗಾಡಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ವ್ಯಾನ್ ಬೇಕೋ ಬೇಡವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಇದು ಕಣ್ಣಿಗೆ ಕಟ್ಟುವಂತೆ ತಿಳಿಯುವುದು ಸ್ಪ್ರಿಂಗ್‌ವೆಲ್‌ನ ಬೋವ್ಸ್ ರೈಲ್ವೆಯಲ್ಲಿ. ಜಾರ್ಜ್ ಸ್ಟೀಫನ್‌ಸನ್ ಯೋಜಿಸಿದ ಈ ಮಾರ್ಗ 1826ರಲ್ಲಿ ಶುರುವಾದದ್ದು. ಗುಡ್ಡದ ಮೇಲೆ ವ್ಯಾಗನ್‌ಗಳನ್ನು ಹಗ್ಗಕ್ಕೆ ಕಟ್ಟಿ ಎಳೆಯುತ್ತಿದ್ದರು, ಇಳಿಸುತ್ತಿದ್ದರು. ಹಿಡಿತವೆಲ್ಲ ಹಗ್ಗ ಸುತ್ತುವ ಯಂತ್ರದ ಮನೆಯಲ್ಲಿ, ಗಾಡಿಯ ಹಿಂದೆ ಅಲ್ಲ. ಆ ಇಳಿಜಾರಿನ ತಲೆಯಲ್ಲಿ ಅಪ್ಪ ತುಂಬಾ ಹೊತ್ತು ನಿಂತಿದ್ದರು. ಇಲ್ಲಿ ಎಲ್ಲ ದಿನವೂ ಪ್ರವೇಶ ಇರುವುದಿಲ್ಲ. ಮೊದಲೇ ವಿಚಾರಿಸದೆ ಹೋಗಬೇಡಿ.

ನಮ್ಮ ಹೆಚ್ಚಿನ ಸಮಯ ಕಳೆದದ್ದು ಟ್ಯಾನ್‌ಫೀಲ್ಡ್ ರೈಲ್ವೆಯಲ್ಲಿ. 1725ರಲ್ಲಿ ಕುದುರೆ ಎಳೆಯುವ ಮರದ ಹಳಿಯಾಗಿ ಶುರುವಾದ ದಾರಿ ಅದು. ಮಾರ್ಲಿ ಹಿಲ್‌ನ ಎಂಜಿನ್ ಶೆಡ್ 1854ರದ್ದು, ಇಂದಿಗೂ ಅಲ್ಲಿ ಕೆಲಸ ನಡೆಯುತ್ತದೆ. ಉಗಿ ಗಾಡಿ ಹೆಚ್ಚಾಗಿ ವಾರಾಂತ್ಯಕ್ಕೆ ಓಡುತ್ತದೆ, ಆದರೆ ಅಳತೆ ತೆಗೆಯುವವರು ಗಾಡಿ ಓಡದ ದಿನ ಬರಲು ಅನುಮತಿ ಕೇಳಿ. ಜನ ಕಡಿಮೆ, ಸ್ವಯಂಸೇವಕರಿಗೂ ಮಾತಾಡಲು ಬಿಡುವು. ನಾನು ಎರಡು ವಾರ ಮುಂಚೆ ಮೇಲ್ ಬರೆದು, ಏನು ನೋಡಬೇಕು, ಯಾಕೆ ಎಂದು ಸ್ಪಷ್ಟವಾಗಿ ತಿಳಿಸಿದ್ದೆ. ಹೊಳೆಯುವ ಜಾಕೆಟ್, ಗಟ್ಟಿ ಬೂಟು ನಿಮ್ಮದೇ ಇರಲಿ. ಯಾರೂ ಜೊತೆಗಿಲ್ಲದೆ ಎರಡು ಡಬ್ಬಿಗಳ ನಡುವೆ ಕಾಲಿಡಬೇಡಿ, ನಿಂತ ಡಬ್ಬಿಯ ಕೆಳಗೆ ತೂರಲೇಬೇಡಿ.

ಅಂಗಳದಲ್ಲಿ ಬಣ್ಣ ಸುಲಿದ ಒಂದು ವ್ಯಾನ್ ನಿಂತಿತ್ತು. ನಾನು ಸೀದಾ ಗೋಡೆಯ ಹಲಗೆ ಎಣಿಸಲು ಶುರುಮಾಡಿದೆ. ಅಪ್ಪ ಹಿಂದಿನಿಂದ, "ತಮ್ಮಾ, ಮ್ಯಾಲಿಂದೇನ್ ನೋಡ್ತಿ? ಹಲಗಿ ಯಾವಾಗ ಬೇಕಾದ್ರೂ ಬದಲಿ ಮಾಡ್ತಾರ. ಕೆಳಗ ಬಗ್ಗಿ ನೋಡು" ಅಂದರು.

ಗಣಿ ವ್ಯಾನ್ ಗುರುತಿಸಲು ನನಗೆ ಸಿಕ್ಕ ಸರಿಯಾದ ದಾರಿ ಇದೇ. ಗಣಿಯವರು ಎಷ್ಟೋ ಸಲ ಮುಖ್ಯ ರೈಲ್ವೆಯ ಹಳೆಯ ವ್ಯಾನ್ ಕೊಳ್ಳುತ್ತಿದ್ದರು, ಇಲ್ಲವೇ ಯಾವುದೋ ವ್ಯಾಗನ್ನಿನ ತಳದ ಮೇಲೆ ತಮ್ಮ ವರ್ಕ್‌ಶಾಪಿನಲ್ಲೇ ಗೂಡು ಕಟ್ಟುತ್ತಿದ್ದರು. ಕಿಟಕಿ ಮುಚ್ಚುತ್ತಿದ್ದರು, ಬಾಗಿಲು ಅಗಲ ಮಾಡುತ್ತಿದ್ದರು. 1947ರ ಜನವರಿ 1ರಂದು ಗಣಿಗಳು ಸರ್ಕಾರದ ನ್ಯಾಷನಲ್ ಕೋಲ್ ಬೋರ್ಡ್ ಕೈಗೆ ಹೋದ ಮೇಲೆ ಬಣ್ಣವೂ ಬದಲಾಯಿತು. ಮೇಲಿನದನ್ನು ನಂಬಿದರೆ ಮೋಸ ಹೋಗುತ್ತೀರಿ. ತಳದ ಚೌಕಟ್ಟು ಬದಲಾಗುವುದು ಅಪರೂಪ.

ಮೊದಲು ಚಕ್ರಗಳ ಎರಡು ಅಚ್ಚುಗಳ ನಡುವಿನ ದೂರ ಅಳೆಯಿರಿ. ಎಲ್‌ಎನ್‌ಇಆರ್ (ಲಂಡನ್ ಆ್ಯಂಡ್ ನಾರ್ತ್ ಈಸ್ಟರ್ನ್ ರೈಲ್ವೆ) ಕಂಪನಿ ತನ್ನ ಬ್ರೇಕ್ ವ್ಯಾನ್ ಮಾದರಿಗಳಿಗೆ ಟೋಡ್ ಎಂದು ಹೆಸರಿಟ್ಟಿತ್ತು. ಟೋಡ್ ಬಿ ಮತ್ತು ಟೋಡ್ ಇ ವ್ಯಾನ್‌ಗಳಲ್ಲಿ ಅದು 10 ಅಡಿ 6 ಇಂಚು, ಟೋಡ್ ಡಿ ಮಾದರಿಯಲ್ಲಿ 16 ಅಡಿ. ಮುಂದೆ ಬ್ರಿಟಿಷ್ ರೈಲ್ವೇಸ್ ತನ್ನ 20 ಟನ್ನಿನ ಸ್ಟ್ಯಾಂಡರ್ಡ್ ವ್ಯಾನ್ ಮಾಡಿದ್ದು ಟೋಡ್ ಡಿ ಆಧಾರದ ಮೇಲೇ, ಅದೂ 16 ಅಡಿ. ಈ ಉದ್ದದ ವ್ಯಾನ್‌ಗಳಲ್ಲಿ ಗೂಡಿನ ಆಚೆಗೂ ಎರಡೂ ತುದಿಯಲ್ಲಿ ಚೌಕಟ್ಟು ಚಾಚಿರುತ್ತದೆ. ಈ ಒಂದೇ ಅಳತೆಯಿಂದ ಅರ್ಧ ಅನುಮಾನ ಬಗೆಹರಿಯುತ್ತದೆ.

ಆಮೇಲೆ ಅಚ್ಚಿನ ತುದಿಯ ಎಣ್ಣೆ ಪೆಟ್ಟಿಗೆ. ನಮ್ಮ ವ್ಯಾನಿನದರ ಮೇಲೆ ಬಣ್ಣ ಎಷ್ಟು ದಪ್ಪ ಕೂತಿತ್ತೆಂದರೆ ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಾಡಿಸಿದರೆ ಮಾತ್ರ ಉಬ್ಬು ತಾಕುತ್ತಿತ್ತು. ಜೊತೆಗಿದ್ದ ಸ್ವಯಂಸೇವಕರನ್ನು ಕೇಳಿ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್ ಅಡ್ಡಹಿಡಿದು ಉಜ್ಜಿದೆ, ಶಾಲೆಯಲ್ಲಿ ನಾಣ್ಯದ ಚಿತ್ರ ತೆಗೆಯುತ್ತಿದ್ದೆವಲ್ಲ ಹಾಗೆ. ಎನ್, ಇ, ಆರ್ ಎಂಬ ಮೂರು ಅಕ್ಷರ ನಿಧಾನಕ್ಕೆ ಬೂದು ಬಣ್ಣದಲ್ಲಿ ಎದ್ದುಬಂದವು. ನಾರ್ತ್ ಈಸ್ಟರ್ನ್ ರೈಲ್ವೆ 1923ರಲ್ಲಿ ಎಲ್‌ಎನ್‌ಇಆರ್ ಒಳಗೆ ಸೇರಿಹೋಯಿತು. ಅಂದರೆ ಆ ಎರಕ ಅದಕ್ಕೂ ಹಿಂದಿನದು. ಆದರೆ ನಾಲ್ಕೂ ಪೆಟ್ಟಿಗೆ ನೋಡಿ. ಮೂರರ ಮೇಲೆ ಅಕ್ಷರ ಇತ್ತು, ನಾಲ್ಕನೆಯದು ಬೋಳು. ಎಂದೋ ಕೆಟ್ಟಾಗ ಬೇರೆ ತಂದು ಹಾಕಿದ್ದಾರೆ. ಒಂದನ್ನೇ ನೋಡಿ ಬರೆದುಕೊಂಡಿದ್ದರೆ, ಅದೂ ಆ ಬೋಳು ಪೆಟ್ಟಿಗೆಯನ್ನೇ, ನನ್ನ ಲೆಕ್ಕವೆಲ್ಲ ತಪ್ಪುತ್ತಿತ್ತು.

ಚೀಲದಲ್ಲಿ ಇರಬೇಕಾದದ್ದು: ಅಡಿ ಮತ್ತು ಇಂಚು ಇರುವ ಟೇಪು (ಇವನ್ನು ಕಟ್ಟಿದವರ ಲೆಕ್ಕ ಇಂಚಿನಲ್ಲಿತ್ತು, ಮೀಟರಿನಲ್ಲಿ ಅಳೆದರೆ ದುಂಡು ಸಂಖ್ಯೆ ಸಿಗುವುದಿಲ್ಲ), ಟಾರ್ಚು, ಪೆನ್ಸಿಲ್, ಮಳೆಗೆ ನೆನೆಯದ ನೋಟ್‌ಬುಕ್, ಒಂದೊಂದು ಅಡಿಗೆ ಕೆಂಪು ಬಿಳಿ ಬಳಿದ ಕೋಲು. ಕೋಲನ್ನು ಡಬ್ಬಿಗೆ ಒರಗಿಸಿ, ಸಾಧ್ಯವಾದಷ್ಟು ದೂರ ಹೋಗಿ, ನಡುಮಧ್ಯಕ್ಕೆ ನೇರ ನಿಂತು ಜೂಮ್ ಮಾಡಿ ಫೋಟೋ ತೆಗೆಯಿರಿ. ಮೊದಲ ದಿನ ನಾನು ಫೋನ್ ಹಿಡಿದು ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಡಬ್ಬಿಯ ತುದಿಗಳು ಬಾಗಿದ್ದವು. ಅದನ್ನೇ ನಂಬಿ ಕತ್ತರಿಸಿದ ಮೊದಲ ತಳ 3 ಮಿ.ಮೀ. ಉದ್ದ ಬಂತು, ಕಸಕ್ಕೆ ಹೋಯಿತು.

ಬೀಮಿಷ್ ಬಯಲು ಸಂಗ್ರಹಾಲಯಕ್ಕೆ ಪೂರ್ತಿ ಒಂದು ದಿನ ಇಡಿ. ಗಣಿ, ಗಣಿ ಕಾರ್ಮಿಕರ ಸಾಲುಮನೆ, ರೌಲಿ ಸ್ಟೇಷನ್ ಎಲ್ಲ ಒಂದೇ ಬಯಲಿನಲ್ಲಿವೆ. ವಯಸ್ಸಾದವರು ಜೊತೆಗಿದ್ದರೆ ಒಳಗೇ ಓಡುವ ಟ್ರಾಮ್ ಹತ್ತಿ. ಮಾದರಿಗೆ ಹಿನ್ನೆಲೆ ಕಟ್ಟುವವರಿಗೆ ಇಟ್ಟಿಗೆಯ ಬಣ್ಣ, ಮಸಿ ಹಿಡಿದ ಗೋಡೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಶಿಲ್ಡನ್‌ನ ಲೋಕೋಮೋಷನ್ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಡಾರ್ಲಿಂಗ್‌ಟನ್‌ನಿಂದ ಬಿಷಪ್ ಆಕ್ಲೆಂಡ್ ಗಾಡಿ ಹಿಡಿದರೆ ಶಿಲ್ಡನ್ ಸ್ಟೇಷನ್ನಿನಲ್ಲೇ ಇಳಿಯಬಹುದು. ಅರ್ಧ ದಿನ ಸಾಕು. ಉಳಿದ ಜಾಗಗಳಿಗೆ ಕಾರು ಇದ್ದರೆ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಮಳೆಯೂ ಇರುತ್ತದೆ. ಊಟಕ್ಕೆ ನಾವು ತಂಗಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆವು.

ಊರಿಗೆ ಬಂದು ವ್ಯಾನ್ ಕಟ್ಟಿದ್ದು ಓಓ ಪ್ರಮಾಣದಲ್ಲಿ, ಅಂದರೆ ಒಂದು ಅಡಿಗೆ 4 ಮಿ.ಮೀ. 10 ಅಡಿ 6 ಇಂಚು 42 ಮಿ.ಮೀ. ಆಗುತ್ತದೆ, 16 ಅಡಿಯದಾದರೆ 64. ಗೋಡೆಗೆ ಪ್ಲಾಸ್ಟಿಕ್ ಹಾಳೆ ಗೀರಿ ಹಲಗೆ ಮಾಡಿದೆ, ಹತ್ತುವಾಗ ಹಿಡಿಯುವ ಕಂಬಿಗಳಿಗೆ ತೆಳು ಹಿತ್ತಾಳೆ ತಂತಿ. ಒಳಗೆ ಸೀಸ ಇಟ್ಟು 50 ಗ್ರಾಂ ಹತ್ತಿರ ತಂದೆ, ಇಲ್ಲದಿದ್ದರೆ ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ಹಗುರ ಡಬ್ಬಿ ಹಳಿ ತಪ್ಪುತ್ತದೆ. ಒಳಗಿನ ಒಲೆ, ಛಾವಣಿಯ ಚಿಮಣಿ, ವರಾಂಡದಲ್ಲಿ ಬ್ರೇಕ್ ಚಕ್ರ, ಆ ನಾಲ್ಕನೆಯ ಬೋಳು ಎಣ್ಣೆ ಪೆಟ್ಟಿಗೆ ಸಮೇತ ಎಲ್ಲ ಸರಿಯಾಗಿದೆ ಅಂದುಕೊಂಡು ಅಪ್ಪನ ಕೈಗೆ ಕೊಟ್ಟೆ.

ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದರು. "ಛಲೋ ಆಗೇದ. ಟೇಲ್ ಲ್ಯಾಂಪ್ ಎಲ್ಲಿ ತೂಗ್ಹಾಕ್ತಿ?"

ಕೊನೆಯ ದೀಪ ಕಂಡರೆ ಮಾತ್ರ ಸಿಗ್ನಲ್‌ಮನ್‌ಗೆ ಗಾಡಿ ಪೂರ್ತಿ ಬಂತು, ನಡುವೆ ಎಲ್ಲೂ ಹರಿದಿಲ್ಲ ಎಂದು ಗೊತ್ತಾಗುವುದು. ಆ ದೀಪ, ಪಕ್ಕದ ಎರಡು ದೀಪ ಸಿಕ್ಕಿಸುವ ಕಬ್ಬಿಣದ ಕೊಕ್ಕೆಗಳು ವ್ಯಾನಿನ ತುದಿಯ ಗೋಡೆಯಲ್ಲೂ ಬದಿಯಲ್ಲೂ ಇರುತ್ತವೆ. ನಾನು ತೆಗೆದ ನೂರಾರು ಫೋಟೋಗಳಲ್ಲಿ ಒಂದರಲ್ಲೂ ಅವು ಸ್ಪಷ್ಟವಾಗಿಲ್ಲ. ನೀವು ಹೋದಾಗ ಕೊಕ್ಕೆಗಳನ್ನು ಹತ್ತಿರದಿಂದ, ಪಕ್ಕಕ್ಕೆ ಟೇಪು ಹಿಡಿದು, ಎರಡೂ ತುದಿಯಲ್ಲಿ ತೆಗೆದುಕೊಳ್ಳಿ. ನನ್ನ ವ್ಯಾನಿಗಾಗಿ ಮುಂದಿನ ಭಾನುವಾರ ತಂಗಿ ಮಾರ್ಲಿ ಹಿಲ್‌ಗೆ ಹೋಗುತ್ತಿದ್ದಾಳೆ.