ಚಪ್ಪಾಳೆ ಆಯ್ತು, ಮಾಸ್ಕ್?

ಬೆಳಿಗ್ಗೆ ಡೆಂಗಿ ಸರ್ವೆಗೆ ನಮ್ಮ ಏರಿಯಾದ ಆಶಾ (ಮನೆಮನೆಗೆ ಬರೋ ಆರೋಗ್ಯ ಕಾರ್ಯಕರ್ತೆ) ಅಕ್ಕ ಬಂದಿದ್ದರು. ಪಕ್ಕದ ಮನೆಯವರು ಗೇಟೇ ತೆಗೆಯಲಿಲ್ಲ. ಸುಮ್ನೆ 2020 ನೆನಪಾಯ್ತು.

ಮಾರ್ಚ್ 22ರ ಸಂಜೆ ಕೊರೊನಾ ವಿರುದ್ಧ ದುಡಿಯೋ ಆರೋಗ್ಯ ಸಿಬ್ಬಂದಿಗೆಲ್ಲ ಅಂತ ಚಪ್ಪಾಳೆ ತಟ್ಟಿದೆವು, ತಟ್ಟೆ ಬಡಿದೆವು. ಎರಡು ವಾರ ಕಳೆಯೋ ಮೊದಲೇ ಬೆಂಗಳೂರಿನಲ್ಲಿ ಸರ್ವೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯ್ತು. ದೇಶದ ಬೇರೆ ಕಡೆ ನರ್ಸ್, ಡಾಕ್ಟರುಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಅಂದವರೂ ಇದ್ದರು.

ಏಪ್ರಿಲ್ 22ಕ್ಕೆ ಕೇಂದ್ರದಿಂದ ಸುಗ್ರೀವಾಜ್ಞೆ ಬಂತು. 1897ರ ಸಾಂಕ್ರಾಮಿಕ ರೋಗ ಕಾಯ್ದೆಗೆ ತಿದ್ದುಪಡಿ. ಆರೋಗ್ಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 3 ತಿಂಗಳಿಂದ 5 ವರ್ಷ ಜೈಲು, ಗಂಭೀರ ಗಾಯವಾದರೆ 7 ವರ್ಷದವರೆಗೆ. ಅವರು ನೆಮ್ಮದಿಯಾಗಿ ಬದುಕೋದಕ್ಕೆ, ಕೆಲಸ ಮಾಡೋದಕ್ಕೆ ಅಡ್ಡಿಯಾಗೋ ಕಿರುಕುಳವೂ ಅಪರಾಧ. ಒಳ್ಳೆಯ ಕಾನೂನೇ, ಇಲ್ಲ ಅನ್ನಲ್ಲ.

ಆದರೆ ಇದು ಬೀದಿಯಲ್ಲಿ ಕೈ ಎತ್ತಿದವನಿಗೆ. ಮಾಸ್ಕ್, ಗ್ಲೌಸ್ ಸರಿಯಾಗಿ ಕೊಡದೆ ಸೋಂಕಿತರ ಮನೆಗೆ ಕಳಿಸಿದವರನ್ನು ಯಾರು ಕೇಳಬೇಕು? ಜೀವ ಕಾಪಾಡಿಕೊಂಡು ಕೆಲಸ ಮಾಡೋದೂ ಹಕ್ಕೇ ಅಲ್ವಾ? ಅದೇ ಜುಲೈನಲ್ಲಿ ನಮ್ಮ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಇಳಿದರು. ಕೇಳಿದ್ದು ಸುರಕ್ಷತಾ ಸಾಮಗ್ರಿ, ತಿಂಗಳಿಗೆ 12,000 ರೂಪಾಯಿ. ಅಷ್ಟೇ. ಕೊರೊನಾ ಹೊತ್ತಲ್ಲಿ ಮುಷ್ಕರವಾ ಅಂತ ಮೂಗು ಮುರಿದವರೂ ಇದ್ದರು (ಹೆಚ್ಚಿನವರು ವರ್ಕ್ ಫ್ರಮ್ ಹೋಮ್ ಗಿರಾಕಿಗಳು).

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಎಲ್ಲರೂ ಶೇರ್ ಮಾಡಿದೆವು. 2025ರ ಜನವರಿಯಲ್ಲಿ ನಮ್ಮ ಆಶಾಗಳು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು, 15,000 ಕೊಡಿ ಅಂತ. ಆ ಸುದ್ದಿಯನ್ನು ಶೇರ್ ಮಾಡಿದವರು ಜಾಸ್ತಿ ಕಾಣಲಿಲ್ಲ.